ಮೊದಲ ಕ್ರಿಸ್‌ಮಸ್‌ಗೇ ಸಾಲ ಬೇಡ

ಹೊರದೇಶಕ್ಕೆ ಬಂದ ಮೊದಲ ವರ್ಷ ಕ್ರಿಸ್‌ಮಸ್ ಹೇಗೆ ಮಾಡುತ್ತೀರೋ, ಮುಂದಿನ ಹತ್ತು ವರ್ಷ ಹಾಗೇ ಮಾಡಬೇಕಾಗುತ್ತದೆ. ಮನೆ ಹುಡುಕುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು, ಬ್ಯಾಂಕ್ ಖಾತೆ ತೆರೆಯುವುದು, ಇದಕ್ಕೆಲ್ಲ ಸಲಹೆ ಕೊಡಲು ಜನ ಸಿಗುತ್ತಾರೆ. ಈ ಮಾತನ್ನು ಮಾತ್ರ ಯಾರೂ ಹೇಳುವುದಿಲ್ಲ. ಮಕ್ಕಳ ಲೆಕ್ಕದಲ್ಲಿ ಒಂದು ಸಲ ನಡೆದದ್ದು ವಾಡಿಕೆ, ಎರಡನೇ ಸಲ ನಡೆದರೆ ಹಕ್ಕು. ಮರದ ಕೆಳಗೆ ಮೊದಲ ವರ್ಷ ಎಂಟು ಪೊಟ್ಟಣ ಇಟ್ಟು, ಮರುವರ್ಷ ಐದಕ್ಕೆ ಇಳಿಸಿ ನೋಡಿ. ‘ನಾನೇನು ತಪ್ಪು ಮಾಡಿದೆ?’ ಅಂತ ಮಗು ಕೇಳುತ್ತದೆ. ಮೊದಲಿಗೇ ಎರಡು ಇಟ್ಟಿದ್ದರೆ ಆ ಪ್ರಶ್ನೆಯೇ ಏಳುತ್ತಿರಲಿಲ್ಲ. ಹೆಚ್ಚಿಸುವುದು ಯಾವಾಗ ಬೇಕಾದರೂ ಆಗುತ್ತದೆ. ಇಳಿಸುವುದು ಮಹಾ ಕಷ್ಟ.

ನೀವು ಕ್ರೈಸ್ತರಾಗಿರಿ, ಆಗದಿರಿ, ಡಿಸೆಂಬರ್ ನಿಮ್ಮನ್ನು ಬಿಡುವುದಿಲ್ಲ. ಚರ್ಚಿಗೆ ಹೋಗುವ ಮನೆಗಳಿಗೆ ಇದು ಹುಟ್ಟಿನಿಂದ ಬಂದ ಹಬ್ಬ. ಉಳಿದವರ ಮನೆಗೆ ಮಕ್ಕಳ ಶಾಲೆಯ ಚೀಲದಲ್ಲಿ ಬರುತ್ತದೆ. ಇವತ್ತು ಹಬ್ಬದ ಸ್ವೆಟರ್, ನಾಳೆ ಟೀಚರಿಗೆ ಕಾರ್ಡು, ನಾಡಿದ್ದು ನಾಟಕದ ವೇಷ. ಒಂದೊಂದೂ ಸಣ್ಣ ಖರ್ಚೇ. ತಿಂಗಳ ಕೊನೆಗೆ ಕೂಡಿಸಿದಾಗ ಎದೆ ಝಲ್ ಅನ್ನುತ್ತದೆ.

ಆದರೂ ನಮ್ಮ ಜನ ಸ್ವೆಟರಿನಿಂದ ಸಾಲಕ್ಕೆ ಬಿದ್ದದ್ದನ್ನು ನಾನು ಕಂಡಿಲ್ಲ. ಮೂಲ ಬೇರೆ ಕಡೆ ಇದೆ. ಹಬ್ಬ ಅಂದರೆ ನಮಗೆ ಮನೆ ತುಂಬ ಜನ. ಅಜ್ಜ, ಅಜ್ಜಿ, ಚಿಕ್ಕಪ್ಪ, ಅತ್ತೆ ಮಕ್ಕಳು, ಕರೆಯದೆ ಬರುವ ಪಕ್ಕದ ಮನೆಯವರು. ಇಲ್ಲಿ ಗಂಡ, ಹೆಂಡತಿ, ಒಂದೋ ಎರಡೋ ಮಕ್ಕಳು, ಮುಚ್ಚಿದ ಬಾಗಿಲು. ಆ ಖಾಲಿ ಜಾಗ ನೋಡಲಾಗದೆ ಅಲ್ಲಿ ಡಬ್ಬಗಳನ್ನು ಜೋಡಿಸುತ್ತೇವೆ. ಅಜ್ಜಿಯ ತೊಡೆಯ ಮೇಲೆ ಕೂರಬೇಕಿದ್ದ ಮಗುವಿಗೆ ರಿಮೋಟಿನ ಕಾರು ಕೊಡಿಸುತ್ತೇವೆ. ನಾವೇ ತಾನೇ ಊರು ಬಿಡಿಸಿ ಕರೆತಂದದ್ದು ಅನ್ನುವ ಅಳುಕು ಒಳಗೆ ಇರುತ್ತದೆ. ಅಳುಕಿರುವ ಅಪ್ಪ ಅಮ್ಮನಂಥ ಗಿರಾಕಿ ಅಂಗಡಿಯವನಿಗೆ ಇನ್ನೊಬ್ಬ ಸಿಗಲಾರ. ಬೆಲೆ ನೋಡುವುದೇ ಇಲ್ಲ!

ಇನ್ನೊಂದು ಮರ್ಯಾದೆಯ ಪ್ರಶ್ನೆ. ಆಫೀಸಿನಲ್ಲಿ ‘ಸೀಕ್ರೆಟ್ ಸಾಂಟಾ’ ಅಂತ ಒಂದು ಆಟ ಇರುತ್ತದೆ. ಚೀಟಿ ಎತ್ತಬೇಕು, ಯಾರ ಹೆಸರು ಬಂತೋ ಅವರಿಗೆ ಗುಟ್ಟಾಗಿ ಉಡುಗೊರೆ ಕೊಡಬೇಕು. ಇಷ್ಟರೊಳಗೆ ಇರಲಿ ಅಂತ ಮೊದಲೇ ಹೇಳಿರುತ್ತಾರೆ. ನಾನು ಅದನ್ನು ‘ಕನಿಷ್ಠ ಇಷ್ಟಾದರೂ ಇರಲಿ’ ಅಂತ ಓದಿಕೊಂಡೆ. ಮೂರು ಪಟ್ಟು ಬೆಲೆಯದನ್ನು ಚೆಂದವಾಗಿ ಸುತ್ತಿ ಕೊಟ್ಟೆ. ಬಿಚ್ಚಿದವರ ಮುಖ ಅರಳುವುದಿರಲಿ, ಬಾಡಿತು. ಅವರು ಕೊಟ್ಟದ್ದು ಎಲ್ಲರ ಎದುರು ಚಿಕ್ಕದಾಗಿ ಕಂಡಿತು. ಮಿತಿ ಇಟ್ಟಿರುವುದೇ ಕಡಿಮೆ ಸಂಬಳದವರಿಗೂ ಮುಜುಗರ ಆಗಬಾರದು ಅಂತ. ಅದನ್ನು ಮೀರಿದವನನ್ನು ಯಾರೂ ಧಾರಾಳಿ ಅನ್ನುವುದಿಲ್ಲ, ರೀತಿ ಗೊತ್ತಿಲ್ಲದವನು ಅನ್ನುತ್ತಾರೆ. ದುಡ್ಡೂ ಹೋಯಿತು, ಮಾನವೂ ಹೋಯಿತು. ಟೀಚರಿಗೂ ಅಷ್ಟೇ. ಮಗು ತನ್ನ ಕೈಯಾರೆ ಬರೆದ ಕಾರ್ಡು ಸಾಕು. ದುಬಾರಿ ಉಡುಗೊರೆ ತೆಗೆದುಕೊಳ್ಳಬಾರದು ಅನ್ನುವ ನಿಯಮ ಎಷ್ಟೋ ಶಾಲೆಗಳಲ್ಲಿ ಇದೆ. ಪಕ್ಕದ ಮನೆಯವರು ಏನಾದರೂ ಕೊಟ್ಟರೆ ಅದಕ್ಕಿಂತ ದೊಡ್ಡದನ್ನು ತಂದು ಲೆಕ್ಕ ಚುಕ್ತಾ ಮಾಡಲು ಓಡಬೇಡಿ. ಬಾಗಿಲಲ್ಲಿ ನಿಂತು ನಾಲ್ಕು ಮಾತಾಡಿ. ಅವರಿಗೂ ಬೇಕಿರುವುದು ಅದೇ.

ಈಗ ಕಾರ್ಡಿನ ವಿಷಯಕ್ಕೆ ಬರೋಣ. ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ ಎರಡು ಅಂಕಿ ಇರುತ್ತವೆ. ಒಂದು ಪೂರ್ತಿ ಬಾಕಿ, ಇನ್ನೊಂದು ಈ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ. ಹೊಸಬರು ಈ ಎರಡನೆಯದನ್ನೇ ತಿಂಗಳ ಕಂತು ಅಂದುಕೊಂಡು ನೆಮ್ಮದಿಯಾಗಿ ಇದ್ದುಬಿಡುತ್ತಾರೆ. ಲೆಕ್ಕ ಹಾಕಿ ನೋಡಿ. ಯಾವ ದೇಶದ ದುಡ್ಡಾದರೂ ಆಗಲಿ, ಹಬ್ಬಕ್ಕೆ ಕಾರ್ಡಿನಲ್ಲಿ 1,000 ಖರ್ಚಾಯಿತು, ಬಡ್ಡಿ ವರ್ಷಕ್ಕೆ ಶೇ. 24 ಅಂತ ಇಟ್ಟುಕೊಳ್ಳಿ. ಮೊದಲ ತಿಂಗಳ ಬಡ್ಡಿಯೇ ಸುಮಾರು 20. ನೀವು 30 ಕಟ್ಟಿದರೆ ಅಸಲಿನಲ್ಲಿ ಕರಗುವುದು ಬರೀ 10. ತಿಂಗಳಿಗೆ 30ರಂತೆ ಕಟ್ಟುತ್ತಾ ಹೋದರೆ ಸಾಲ ತೀರಲು ನಾಲ್ಕೂವರೆ ವರ್ಷ ದಾಟುತ್ತದೆ. ಕೈಯಿಂದ ಹೋಗುವ ಒಟ್ಟು ದುಡ್ಡು 1,650ಕ್ಕೂ ಜಾಸ್ತಿ. ಅದೇ ತಿಂಗಳಿಗೆ 100 ಕಟ್ಟಿದರೆ ಒಂದು ವರ್ಷದೊಳಗೆ ಮುಗಿಯುತ್ತದೆ, ಬಡ್ಡಿ 130 ದಾಟುವುದಿಲ್ಲ. ನಾಲ್ಕೂವರೆ ವರ್ಷದ ಹೊತ್ತಿಗೆ ಆ ಆಟಿಕೆ ಎಲ್ಲಿರುತ್ತದೆ ಹೇಳಿ? ಚಕ್ರ ಕಳಚಿ ಕಸಕ್ಕೆ ಹೋಗಿ ಎಷ್ಟೋ ಕಾಲವಾಗಿರುತ್ತದೆ. ಬಿಲ್ಲು ಮಾತ್ರ ಬರುತ್ತಲೇ ಇರುತ್ತದೆ.

ಇನ್ನೂ ಒಂದಿದೆ. ಬಹಳಷ್ಟು ಕಾರ್ಡುಗಳಲ್ಲಿ ಪೂರ್ತಿ ಬಾಕಿ ಕಟ್ಟಿದವರಿಗೆ ಮಾತ್ರ ಬಡ್ಡಿಯಿಲ್ಲದ ಅವಧಿ ಸಿಗುತ್ತದೆ. ಡಿಸೆಂಬರಿನದು ಸ್ವಲ್ಪ ಉಳಿಸಿಕೊಂಡರೆ, ಜನವರಿಯಲ್ಲಿ ತಂದ ದಿನಸಿಗೂ ತಂದ ದಿನದಿಂದಲೇ ಬಡ್ಡಿ ಏರತೊಡಗುತ್ತದೆ. ಕಾರ್ಡಿನಿಂದ ನಗದು ತೆಗೆಯುವ ಯೋಚನೆಯೇ ಬೇಡ. ಅದಕ್ಕೆ ಸಾಮಾನ್ಯವಾಗಿ ಅವತ್ತಿನಿಂದಲೇ ಬಡ್ಡಿ, ಮೇಲೊಂದು ಶುಲ್ಕ.

‘ಈಗ ಕೊಳ್ಳಿ, ಆಮೇಲೆ ಕಟ್ಟಿ’ ಅನ್ನುವ ಗುಂಡಿಯೂ ಎಲ್ಲ ಕಡೆ ಬಂದಿದೆ. ಸಾಮಾನ್ಯವಾಗಿ ನಾಲ್ಕು ಕಂತು, ಎರಡು ವಾರಕ್ಕೊಂದು. ಎಷ್ಟೋ ಕಡೆ ಬಡ್ಡಿ ಇರುವುದಿಲ್ಲ, ನಿಜ. ಒಂದು ವಸ್ತುವಿಗಾದರೆ ಸರಿ. ಆರು ಅಂಗಡಿಯಲ್ಲಿ ಆರು ಸಲ ಒತ್ತಿದರೆ 24 ಕಂತು, ಒಂದೊಂದಕ್ಕೂ ಬೇರೆ ತಾರೀಖು. ಒಂದು ತಪ್ಪಿದರೂ ದಂಡ ಬೀಳಬಹುದು, ಸಾಲದ ದಾಖಲೆಯಲ್ಲೂ ಕಲೆ ಉಳಿಯಬಹುದು. ಹೊಸ ದೇಶದಲ್ಲಿ ನಮ್ಮ ದಾಖಲೆ ಇನ್ನೂ ಹಸಿ. ಮುಂದೆ ಬಾಡಿಗೆ ಮನೆ ಕೇಳುವಾಗ, ಮನೆ ಸಾಲ ಕೇಳುವಾಗ ಅದನ್ನೇ ತೆರೆದು ನೋಡುತ್ತಾರೆ.

ಊರಿಗೆ ಹೋಗುವವರಿಗೆ ಹೊರೆ ಇನ್ನೂ ಜಾಸ್ತಿ. ವಿಮಾನದ ಟಿಕೆಟ್ ಗಗನಕ್ಕೇರುವುದೇ ಡಿಸೆಂಬರಿನ ಕೊನೆಯ ವಾರ. ಅದರ ಜೊತೆಗೆ ಸೂಟ್‌ಕೇಸ್ ತುಂಬ ಸಾಮಾನು. ಯಾರಿಗೆ ಏನು ತಂದರು ಅಂತ ಅಲ್ಲಿ ಲೆಕ್ಕ ಇಡುವವರು ಇರುತ್ತಾರೆ, ಗೊತ್ತಲ್ಲ. ಸಾಲದ ಟಿಕೆಟಿನಲ್ಲಿ ಹೋಗಿ ಶ್ರೀಮಂತರ ಹಾಗೆ ಓಡಾಡಿ ಬರುವ ನಾಟಕ ಒಂದು ಸಲ ಶುರುವಾದರೆ ನಿಲ್ಲಿಸುವುದು ಕಷ್ಟ. ಯಾಕಂದರೆ ಅವರು ನಂಬಿಬಿಡುತ್ತಾರೆ. ದರ ಇಳಿದ ತಿಂಗಳಲ್ಲಿ ಹೋಗಿ. ಮೊಮ್ಮಕ್ಕಳು ಬಂದ ದಿನವೇ ಅಜ್ಜಿಗೆ ಹಬ್ಬ. ಕಸ್ಟಮ್ಸ್ ಮಿತಿ, ಬ್ಯಾಗಿನ ತೂಕ, ಹಣ ಕಳಿಸುವ ಶುಲ್ಕ ಇವನ್ನು ಮೊದಲೇ ನೋಡಿಕೊಳ್ಳಿ, ಅಷ್ಟೇ.

ಸಾಂಟಾ ಯಾರು ಅಂತ ಮಕ್ಕಳು ಕೇಳಿದರೆ ಸಂತ ನಿಕೋಲಾಸನ ಕತೆ ಹೇಳಿ. ನಾಲ್ಕನೇ ಶತಮಾನದಲ್ಲಿ, ಈಗಿನ ಟರ್ಕಿಯಲ್ಲಿರುವ ಮೈರಾ ಎಂಬಲ್ಲಿ ಬಿಷಪ್ ಆಗಿದ್ದವನು. ಮೂರು ಹೆಣ್ಣುಮಕ್ಕಳಿಗೆ ವರದಕ್ಷಿಣೆ ಹೊಂದಿಸಲಾಗದೆ ಕೈಚೆಲ್ಲಿ ಕೂತಿದ್ದ ಬಡ ತಂದೆಯ ಮನೆಯೊಳಗೆ ರಾತ್ರಿ ಗುಟ್ಟಾಗಿ ಚಿನ್ನದ ಚೀಲ ಎಸೆದನಂತೆ. ವರದಕ್ಷಿಣೆ ಅಂದರೆ ನಮ್ಮವರಿಗೆ ಬೇರೆ ವಿವರಣೆ ಬೇಡ ಅಲ್ವಾ? ಮುಳುಗುತ್ತಿದ್ದ ಮನೆಯೊಂದನ್ನು ಎತ್ತಿದ ಕತೆ ಅದು. ಅವನ ಹೆಸರಿನಲ್ಲಿ ನಾವು ಗಟ್ಟಿಯಾಗಿದ್ದ ಮನೆಯನ್ನು ಮುಳುಗಿಸಿಕೊಳ್ಳುತ್ತಿದ್ದೇವೆ. ಒಂದು ಸಣ್ಣ ಉಪಾಯವೂ ಇದೆ. ಸಾಂಟಾ ಕೊಡುವುದು ಯಾವಾಗಲೂ ಚಿಕ್ಕ ವಸ್ತು ಆಗಿರಲಿ. ದೊಡ್ಡದೇನಾದರೂ ಕೊಡುವುದಿದ್ದರೆ ಅಪ್ಪ ಅಮ್ಮನ ಹೆಸರಲ್ಲಿ ಕೊಡಿ. ಇಲ್ಲದಿದ್ದರೆ ‘ಸಾಂಟಾ ಅವನಿಗೆ ಸೈಕಲ್ ಕೊಟ್ಟ, ನನಗೆ ಯಾಕೆ ಪೆನ್ಸಿಲ್ ಕೊಟ್ಟ?’ ಅಂತ ಇನ್ನೊಂದು ಮನೆಯ ಮಗು ಕಣ್ಣೀರು ಹಾಕುತ್ತದೆ.

ಉಡುಗೊರೆಯ ಬೆಲೆಗೂ ಪಡೆದವರ ಖುಷಿಗೂ ಅಂಥ ಸಂಬಂಧವಿಲ್ಲ. ಜೋಯಲ್ ವಾಲ್ಡ್‌ಫೋಗೆಲ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1993ರಲ್ಲಿ ಇದರ ಬಗ್ಗೆ ಒಂದು ಪ್ರಬಂಧ ಬರೆದರು. ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದಾಗ, ಬಂದ ಉಡುಗೊರೆಗಳಿಗೆ ಅವರು ಕಟ್ಟಿದ ಬೆಲೆ ಕೊಟ್ಟವರ ಖರ್ಚಿಗಿಂತ ಶೇ. 10ರಿಂದ ಮೂರನೇ ಒಂದು ಭಾಗದಷ್ಟು ಕಡಿಮೆ ಇತ್ತು. ಹತ್ತಿರದ ಗೆಳೆಯರು ಕೊಟ್ಟದ್ದು ಹೆಚ್ಚು ಒಪ್ಪಿಗೆಯಾಗಿತ್ತು, ದೊಡ್ಡಪ್ಪ ದೊಡ್ಡಮ್ಮಂದಿರು ಕೊಟ್ಟದ್ದು ಕಡಿಮೆ. ನಾವೆಲ್ಲ ಈಗ ಆ ದೊಡ್ಡಮ್ಮಂದಿರ ಸಾಲಿಗೇ ಸೇರುವವರು. ಕೂಡಿಟ್ಟುಕೋ ಅಂತ ಸ್ವಲ್ಪ ನಗದು ಕೈಗೆ ಕೊಡುವುದಕ್ಕೆ ನಾಚಿಕೆ ಬೇಡ.

ಹಾಗಾದರೆ ಏನು ಮಾಡುವುದು? ನವೆಂಬರ್ ಮಾರಾಟದ ಗದ್ದಲ ಶುರುವಾಗುವ ಮುಂಚೆ ಗಂಡ ಹೆಂಡತಿ ಕೂತು ಒಂದೇ ಒಂದು ಅಂಕಿ ತೀರ್ಮಾನಿಸಿ. ಹಾಸಿಗೆ ಇದ್ದಷ್ಟು ಕಾಲು ಚಾಚಿ ಅಂತ ಹಿರಿಯರು ಹೇಳಿದ್ದನ್ನು ಈಗ ಲೆಕ್ಕದಲ್ಲಿ ಬರೆದಿಡಿ. ಅಷ್ಟು ದುಡ್ಡನ್ನು ಬೇರೆ ಖಾತೆಗೆ ಹಾಕಿ, ಅಲ್ಲಿಂದಲೇ ಖರ್ಚು ಮಾಡಿ. ಖಾಲಿಯಾದರೆ ಅಂಗಡಿ ಕೆಲಸ ಮುಗಿಯಿತು. ಹತ್ತಿರದ ನಾಲ್ಕೈದು ಕುಟುಂಬ ಸೇರಿದರೆ ದೊಡ್ಡವರೆಲ್ಲ ಒಂದೊಂದು ಚೀಟಿ ಎತ್ತಿ, ಒಬ್ಬರಿಗೆ ಒಂದೇ ಉಡುಗೊರೆ ಅಂತ ಮಾತಾಡಿಕೊಳ್ಳಿ. ಈ ಮಾತನ್ನು ಮೊದಲು ಎತ್ತಲು ಎಲ್ಲರಿಗೂ ಸಂಕೋಚ. ಎತ್ತಿದ ಮೇಲೆ ಎಲ್ಲರ ಎದೆಯೂ ಹಗುರ. ರಸೀದಿ ಎಸೆಯಬೇಡಿ. ಅಲಂಕಾರದ ಸಾಮಾನು ಹಬ್ಬ ಕಳೆದ ಮೇಲೆ ಕೊಂಡು ಮುಂದಿನ ವರ್ಷಕ್ಕೆ ಎತ್ತಿಡಿ, ಅರ್ಧಕ್ಕರ್ಧ ಉಳಿಯುತ್ತದೆ. ಹಬ್ಬದ ಕಾಲವೂ 25ಕ್ಕೇ ಮುಗಿಯುವುದಿಲ್ಲ. ಬಹಳಷ್ಟು ಚರ್ಚುಗಳಲ್ಲಿ ಅದು ಜನವರಿ 6ರವರೆಗೂ ಇರುತ್ತದೆ. ದೂರದ ನೆಂಟರನ್ನು ಆಮೇಲೆ ಒಂದು ದಿನ ನೋಡಿದರೂ ನಡೆಯುತ್ತದೆ.

ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯ ತೋರಿಸುವ ಗೋದಲಿಯನ್ನಂತೂ ಅಂಗಡಿಯಿಂದ ತರಬೇಡಿ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಮಾಡಿದ ಗೋದಲಿಯಲ್ಲಿ ಇದ್ದದ್ದು ಹುಲ್ಲು, ಒಂದು ಎತ್ತು, ಒಂದು ಕತ್ತೆ. ಪಾರ್ಸೆಲ್ಲಿನ ರಟ್ಟು, ಬಣ್ಣ, ಅಂಟು ಇದ್ದರೆ ಒಂದು ವಾರದ ಸಂಜೆಗಳು ಅದರಲ್ಲೇ ಕಳೆಯುತ್ತವೆ. ಆ ಹೊತ್ತಿನಲ್ಲಿ ಮಕ್ಕಳು ಕನ್ನಡ ಮಾತಾಡುತ್ತಾರೆ. ಕುರಿ, ಕೊಟ್ಟಿಗೆ, ಹುಲ್ಲು ಅನ್ನುವ ಮಾತು ಬೇರೆ ಯಾವಾಗ ಅವರ ಬಾಯಿಗೆ ಬರಬೇಕು? ನಾವು ಕಳೆದುಕೊಂಡದ್ದನ್ನೆಲ್ಲ ಅವರಿಗೆ ತಲುಪಿಸಲಾರೆವು. ಊರಿನ ಕ್ರಿಸ್‌ಮಸ್ ರಾತ್ರಿಯ ಪೂಜೆ, ಕನ್ನಡದಲ್ಲಿ ಕೇಳಿದ ಕ್ಯಾರಲ್‌ಗಳು ಅವರಿಗೆ ಬರೀ ಅಪ್ಪ ಅಮ್ಮನ ಕತೆ. ಅವರ ನೆನಪು ಇಲ್ಲಿ, ಈ ಮನೆಯಲ್ಲಿ ಹುಟ್ಟುತ್ತಿದೆ. ಅದು ನಮ್ಮದರ ಹಾಗೇ ಇರಲಿ ಅಂತ ಹಟ ಹಿಡಿದೇ ನಾವು ಅರ್ಧ ದುಡ್ಡು ಸುಡುವುದು.

ಇದನ್ನು ಓದುವಾಗಲೇ ಸಾಲ ಆಗಿಹೋಗಿದ್ದರೆ ಮೊದಲು ಮನೆಯಲ್ಲಿ ಹೇಳಿ. ಗಂಡನಿಗೆ ಗೊತ್ತಿಲ್ಲದ ಕಾರ್ಡು, ಹೆಂಡತಿಗೆ ಗೊತ್ತಿಲ್ಲದ ಕಂತು ಎರಡೂ ಬೇಡ. ಬಿಲ್ಲಿನ ತಾರೀಖು ದಾಟುವ ಮುಂಚೆಯೇ ಸಾಲ ಕೊಟ್ಟವರಿಗೆ ಫೋನ್ ಮಾಡಿ, ಕಂತು ಹೊಂದಿಸಿಕೊಡಿ ಅಂತ ಕೇಳಿ. ದಾಟಿದ ಮೇಲೆ ಕೇಳುವುದಕ್ಕಿಂತ ಇದು ಸುಲಭ. ಬಡ್ಡಿ ಜಾಸ್ತಿ ಇರುವ ಸಾಲವನ್ನು ಮೊದಲು ತೀರಿಸಿ, ಉಳಿದವಕ್ಕೆ ಕನಿಷ್ಠ ಮೊತ್ತ ತಪ್ಪಿಸಬೇಡಿ. ಹಳೇ ಸಾಲಕ್ಕೆ ಹೊಸ ಸಾಲ ಕೊಡುತ್ತೇವೆ ಅಂತ ತಾವಾಗಿ ಫೋನ್ ಮಾಡುವವರನ್ನು ದೂರ ಇಡಿ. ಪುಕ್ಕಟೆ ಸಲಹೆ ಕೊಡುವ ಸಂಸ್ಥೆಗಳು ಎಷ್ಟೋ ದೇಶಗಳಲ್ಲಿವೆ. ಅಲ್ಲಿ ಕೂತಿರುವವರು ನಿಮ್ಮ ನೆಂಟರಲ್ಲ, ಊರಿಗೆ ಸುದ್ದಿ ಹೋಗುವುದಿಲ್ಲ. ಧೈರ್ಯವಾಗಿ ಹೋಗಿ.