ಅಕ್ಷರ ಬಿಟ್ಟು ತವರು ಹಿಡಿದೆ: ಹೆಸರಿನ ಅರ್ಥ ಹುಡುಕುವ ಕೆಲಸದಲ್ಲಿ ನನ್ನ ಅನುಭವ

ಹೆಸರಿನ ಕಾರ್ಡುಗಳನ್ನು ಅಕ್ಷರದ ಪ್ರಕಾರ ಜೋಡಿಸಬೇಡಿ, ತವರಿನ ಪ್ರಕಾರ, ಅಂದರೆ ಹೆಸರು ಹುಟ್ಟಿದ ಭಾಷೆಯ ಪ್ರಕಾರ ಜೋಡಿಸಿ. ನಾಲ್ಕೈದು ವರ್ಷದಿಂದ ನಾನು ಹೇಳುತ್ತಾ ಬಂದದ್ದು ಇದನ್ನೇ. ನಾಮಕರಣದ ಆಮಂತ್ರಣ ಅಚ್ಚು ಹಾಕುವ ಗೆಳೆಯರಾಗಲಿ, ಹೆಸರು ಸೂಚಿಸುವ ಪುರೋಹಿತರಾಗಲಿ ಒಪ್ಪಿರಲಿಲ್ಲ. "ಜನ ಬಂದು ಕೇಳೋದು ಜನ್ಮನಕ್ಷತ್ರದ ಅಕ್ಷರ ಕಣ್ರೀ. ಆರಿದ್ರಾ ಎರಡನೇ ಪಾದ, ಘ ಕೊಡಿ ಅಂತಾರೆ. ನಿಮ್ಮ ತವರು ಕಟ್ಟಿಕೊಂಡು ಏನು ಮಾಡ್ತೀರಿ?" ಅನ್ನುತ್ತಿದ್ದರು. ಈಗ ಅವರೇ ಕಷ್ಟದ ಗಿರಾಕಿಗಳನ್ನು ನನ್ನ ಹತ್ತಿರ ಕಳಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಎಲ್ಲರಂತೆ ನಾನೂ ಪುಸ್ತಕ ಮಾಡಿಸಿದೆ. ಅಕಾರಾದಿಯಾಗಿ ಸುಮಾರು 3 ಸಾವಿರ ಹೆಸರು, ಸಾವಿರ ಪ್ರತಿ. ಕಾಗದ, ಅಚ್ಚು, ಬೈಂಡಿಂಗ್ ಸೇರಿ 40 ಸಾವಿರದ ಹತ್ತಿರ ಹೋಯಿತು. ಅರ್ಧಕ್ಕಿಂತ ಜಾಸ್ತಿ ಪ್ರತಿ ರದ್ದಿಗೆ ಹೋದವು. ಫೋನಿನಲ್ಲಿ ಪುಕ್ಕಟೆ ಸಿಗುವ ಪಟ್ಟಿಗೆ ಯಾರು ದುಡ್ಡು ಕೊಡುತ್ತಾರೆ, ಅಲ್ವಾ? ಆಮೇಲೆ ಆ್ಯಪ್ ಮಾಡಿಸಲು ಹೊರಟೆ. ಒಬ್ಬ ಹುಡುಗ 50 ಸಾವಿರ ಮುಂಗಡ ತೆಗೆದುಕೊಂಡ. ಅವನು ಮಾಡಿಕೊಟ್ಟದ್ದರಲ್ಲಿ ಜ, ಝ ಎರಡೂ ಒಂದೇ ಪುಟಕ್ಕೆ ಬರುತ್ತಿದ್ದವು. ಸರಿ ಮಾಡಿಕೊಡು ಅಂದದ್ದಕ್ಕೆ ಫೋನ್ ಎತ್ತುವುದನ್ನೇ ಬಿಟ್ಟ. ಆ ದುಡ್ಡು ವಾಪಸ್ ಬರಲಿಲ್ಲ.

ಕಣ್ಣು ತೆರೆಸಿದ್ದು 'ಆರವ್'. ಎಲ್ಲ ಪಟ್ಟಿಯಲ್ಲೂ 'ಶಾಂತ' ಎಂದೇ ಇರುತ್ತದೆ. ಒಂದು ಪಟ್ಟಿಯನ್ನು ನೋಡಿ ಇನ್ನೊಂದು, ಅದನ್ನು ನೋಡಿ ಮತ್ತೊಂದು, ಹೀಗೇ ಇಳಿದು ಬಂದ ಅರ್ಥ ಅದು. ಸಂಸ್ಕೃತ ನಿಘಂಟು ತೆಗೆದರೆ ಆರವ ಎಂದರೆ ಸದ್ದು, ಕೂಗು. ನಮ್ಮ 'ಕಲರವ'ದಲ್ಲಿ ಇರುವ ರವವೇ ಅದು. ಒಬ್ಬ ಅಪ್ಪನಿಗೆ ಇದನ್ನು ಹೇಳಿದೆ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅವರು ಮಗುವಿನ ಕಡೆ ನೋಡಿ, "ಹಾಗಾದರೆ ಸರಿಯಾಗಿಯೇ ಇದೆ ಸಾರ್, ಇವನು ರಾತ್ರಿಯಿಡೀ ಅದನ್ನೇ ಮಾಡ್ತಾನೆ" ಅಂದರು. ಅದೇ ಹೆಸರಿಟ್ಟು, 300 ರೂಪಾಯಿ ಕೊಟ್ಟು ಹೋದರು. ಜನ ದುಡ್ಡು ಕೊಡುವುದು ನಿಜವಾದ ಅರ್ಥಕ್ಕೆ ಎಂದು ಆವತ್ತು ಖಾತ್ರಿಯಾಯಿತು.

ಅಲ್ಲಿಂದ ಇಟ್ಟುಕೊಂಡ ಕ್ರಮ ಇದು. ಹೆಸರು ಯಾವ ಭಾಷೆಯಲ್ಲಿ ಹುಟ್ಟಿತೋ ಆ ಕಟ್ಟಿಗೆ ಅದರ ಕಾರ್ಡು. ಆ ಭಾಷೆಯ ನಿಘಂಟಿನಲ್ಲಿ ಅರ್ಥ ಸಿಗಬೇಕು. ಆ ಹೆಸರು ಹೊತ್ತ ಹಳಬರು ಒಬ್ಬರಾದರೂ ಸಿಗಬೇಕು. ಇವತ್ತಿನ ಕಿವಿಗೆ ಹೇಗೆ ಕೇಳಿಸುತ್ತದೆ ಎಂದೂ ಬರೆದಿರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಆ ಕಾರ್ಡನ್ನು ಹೊರಗೆ ತೆಗೆಯುವುದಿಲ್ಲ.

ಹೀಗೆ ಕೂತರೆ ಎಷ್ಟು ಹೊಸ ಹೆಸರುಗಳ ಬಣ್ಣ ಬಯಲಾಗುತ್ತದೆ ನೋಡಿ. 'ಮೈರಾ' ಹೆಸರನ್ನು ಪಟ್ಟಿಗಳು ಸಂಸ್ಕೃತ ಅನ್ನುತ್ತವೆ. ಅದು ಇಂಗ್ಲೆಂಡಿನ ಕವಿ ಫುಲ್ಕ್ ಗ್ರೆವಿಲ್ ತನ್ನ ಕವಿತೆಗಳಿಗೆಂದು ಕಟ್ಟಿದ ಹೆಸರು, 400 ವರ್ಷದ ಮೇಲಾಯಿತು. 'ಕಿಯಾರಾ' ಇನ್ನೂ ಮಜಾ ಇದೆ. ಐರ್ಲೆಂಡಿನ ಕಿಯಾರಾ ಬಂದದ್ದು ಕಪ್ಪು ಎನ್ನುವ ಪದದಿಂದ. ಇಟಲಿಯ ಕಿಯಾರಾ ಲ್ಯಾಟಿನ್ನಿನ ಕ್ಲಾರಾದಿಂದ ಬಂದದ್ದು, ಅಂದರೆ ಬೆಳಕಿನಂತೆ ನಿಚ್ಚಳವಾದವಳು. ನಮ್ಮ ಬಾಯಲ್ಲಿ ಎರಡೂ ಒಂದೇ, ಅರ್ಥದಲ್ಲಿ ಕತ್ತಲೆ ಬೆಳಕಿನ ವ್ಯತ್ಯಾಸ. ಎರಡು ಕಟ್ಟಿನಿಂದ ಎರಡು ಕಾರ್ಡು ತೆಗೆದು ಮುಂದೆ ಇಡುತ್ತೇನೆ. ಯಾವ ತವರು ಬೇಕೋ ತಾಯಿತಂದೆಯೇ ಆರಿಸಿಕೊಳ್ಳಲಿ.

ಎಲ್ಲರ ಬಾಯಿ ಮುಚ್ಚಿಸಿದ್ದು ಮಾತ್ರ ಒಂದು ಜೋಡಿಯ ಕೆಲಸ. ಗಂಡ ಮಂಗಳೂರಿನ ಕಡೆಯ ಕ್ಯಾಥೊಲಿಕ್, ಹೆಂಡತಿ ಶಿಕಾರಿಪುರದ ಲಿಂಗಾಯತರ ಮನೆಯವರು. ಮಗಳಿಗೆ ಅಪ್ಪನ ತಾಯಿಯ ಹೆಸರು ಬರಬೇಕು ಎಂದು ಆ ಕಡೆಯವರ ಹಟ. ಅಜ್ಜಿಯ ಹೆಸರು ಲೂಸಿ. ಈ ಕಡೆಯವರಿಗೆ ಅದು ಬೇಡ. ಅಕ್ಷರದ ಪಟ್ಟಿಯಲ್ಲಿ 'ಲ' ತೆಗೆದರೆ ಲತಾ, ಲಾವಣ್ಯ ಸಿಗುತ್ತವೆ, ಲೂಸಿಗೂ ಅವಕ್ಕೂ ಸಂಬಂಧವೇ ಇಲ್ಲ. ನನ್ನ ಕಟ್ಟಿನಲ್ಲಿ ಲೂಸಿ ಕಾರ್ಡಿನ ಬೆನ್ನ ಮೇಲೆ ಲ್ಯಾಟಿನ್ನಿನ ಬೆಳಕು, ಪಾರಸಿಯ ರೋಶನ್, ಸಂಸ್ಕೃತದ ರೋಚನ ಮೂರೂ ಒಂದೇ ಬೇರಿನವು ಎಂದು ಬರೆದಿತ್ತು. 'ರೋಚನಾ' ಎಂದು ಇಟ್ಟರು. ಅಜ್ಜಿಗೂ ತನ್ನ ಹೆಸರೇ ಬಂದ ಹಾಗಾಯಿತು. ಹೆಸರಿನ ಅರ್ಥ ಬರೆದುಕೊಟ್ಟ ಆ ಹಾಳೆಗೆ 1,500 ಕೊಟ್ಟರು, ನಾನು ಕೇಳಿದ್ದು ಅದರ ಅರ್ಧ.

ಆದರೆ ಸದ್ದು ಹೊಂದಿದ ಮಾತ್ರಕ್ಕೆ ನೆಂಟಸ್ತನ ಕಟ್ಟಬಾರದು. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ನೀಲ್‌ಗೂ ನಮ್ಮ ನೀಲನಿಗೂ ಏನೂ ಸಂಬಂಧವಿಲ್ಲ. ಮಿಹಿರನ ಕಥೆಯೇ ಬೇರೆ. ವರಾಹಮಿಹಿರನ ಹೆಸರಿನಲ್ಲಿ ಇರುವ ಆ ಸೂರ್ಯ ಇರಾನಿನ ಕಡೆಯಿಂದ ಬಂದವನು, ಪಾರಸಿಯ ಮೆಹರ್‌ಗೆ ಸ್ವಂತ ರಕ್ತಸಂಬಂಧಿ. ನಮ್ಮ ಕನ್ನಡದ ಕಟ್ಟಿನಲ್ಲೂ ಇಂಥದ್ದುಂಟು. 10ನೇ ಶತಮಾನದ ಕವಿ ಪೊನ್ನ, ಮೈಸೂರು ಅರಮನೆಯ ಸಂಚಿ ಹೊನ್ನಮ್ಮ, ಕೊಡಗಿನ ಪೊನ್ನಪ್ಪ ಎಲ್ಲರೂ ಒಂದೇ ಚಿನ್ನದವರು. ಹಳಗನ್ನಡದ ಪ ಮುಂದೆ ಹ ಆಯಿತು, ಅಷ್ಟೇ.

ನಡುವೆ ಶಾಸನದ ಹೆಸರುಗಳನ್ನು ಮತ್ತೆ ಚಾಲ್ತಿಗೆ ತರಲು ನೋಡಿದೆ. ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಹಳೇ ಸಂಪುಟಗಳಿಗೆ ಆರೇಳು ಸಾವಿರ ಸುರಿದೆ. ಬಂದಳಿಕೆಯ ಶಾಸನದಲ್ಲಿ ಬರುವ ಜಕ್ಕಿಯಬ್ಬೆ ಗಂಡ ಸತ್ತ ಮೇಲೆ ನಾಗರಖಂಡ ಎಂಬ ನಾಡನ್ನೇ ಆಳಿದವಳು. ಯಕ್ಷಿ ಎನ್ನುವುದೇ ಜಕ್ಕಿ. ಎಂಥ ಹೆಸರು! ಶಿವಮೊಗ್ಗದ ಸುತ್ತಮುತ್ತ ಎಷ್ಟು ಮನೆಗೆ ಹೇಳಿದರೂ ಒಬ್ಬರೂ ಇಡಲಿಲ್ಲ. ಒಂದು ಮನೆಯವರು ಮುದ್ದಿಗೆ ಕರೆಯಲು ಮಾತ್ರ ಇಟ್ಟುಕೊಂಡರು. ಹೊಯ್ಸಳ ರಾಜ ಬಿಟ್ಟಿದೇವನ ಬಿಟ್ಟಿಯಂತೂ ಆಗುವ ಮಾತಲ್ಲ. ವಿಷ್ಣು ಎನ್ನುವುದೇ ಬಿಟ್ಟಿ ಎಂದು ಎಷ್ಟು ಹೇಳಿದರೂ ಇವತ್ತಿನ ಕಿವಿಗೆ ಅದು ಪುಕ್ಕಟೆ ಚಾಕರಿ. ಮೂರನೇ ಪರೀಕ್ಷೆ ಬೇಕಾಗುವುದು ಇದಕ್ಕೇ.

ಅಕ್ಷರ ಕೇಳುವವರನ್ನೂ ನಾನು ಬರಿಗೈಲಿ ಕಳಿಸುವುದಿಲ್ಲ. ಉತ್ತರಾಭಾದ್ರೆಯವರು ಝ ಕೇಳಿದರೆ ಕೆಲವರು ಸುಮ್ನೆ 'ಝರೀನಾ' ಬರೆದು ಕೊಡುತ್ತಾರೆ. ಅದು ಪಾರಸಿಯ ಚಿನ್ನ, ಸೀರೆಯ ಜರಿಯಲ್ಲಿ ಇರುವುದೂ ಅದೇ. ಅದರ ತವರಿನಲ್ಲಿ ಝ ಎಂಬ ಮಹಾಪ್ರಾಣವೇ ಇಲ್ಲ. ಹಾಗಿದ್ದ ಮೇಲೆ ಅಕ್ಷರ ಹೊಂದಿತು ಎಂದು ಹೇಗೆ ಹೇಳುವುದು? ಇಂಥವರಿಗೆ ನಾನು ಕೊಡುವ ಹೆಸರುಗಳು ಬೇರೆ ಇವೆ. ಅವನ್ನು ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡಿನ ವಿಷಯ. ಕಾರ್ಡುಗಳ ಬೆನ್ನಿನ ನೆಂಟಸ್ತನಕ್ಕೆ ನಾನು ಹಾಕುವ ನಂಬರಿನ ಲೆಕ್ಕವೂ ಅಷ್ಟೇ.

ಈಗ ಹಾಳೆಗೆ 700 ರೂಪಾಯಿ. ತಿಂಗಳಿಗೆ ಇಪ್ಪತ್ತು ಇಪ್ಪತ್ತೈದು ಹಾಳೆ ಹೋಗುತ್ತವೆ. ಆ್ಯಪಿನ ಸಾಲ ತೀರಿದೆ.

ಸದ್ಯ ವಾರದ ಹೆಸರುಗಳ ಮೇಲೆ ಕೂತಿದ್ದೇನೆ. ತುಳುನಾಡಿನ ತುಕ್ರ ಶುಕ್ರವಾರ ಹುಟ್ಟಿದವನು, ತನಿಯ ಶನಿವಾರದವನು. ಬೈಲಕುಪ್ಪೆಯ ಟಿಬೆಟನ್ನರಲ್ಲಿ ಪಾಸಂಗ್ ಎಂದರೆ ಶುಕ್ರವಾರ. ಘಾನಾದ ಅಕಾನರಲ್ಲಿ ಶುಕ್ರವಾರದ ಗಂಡುಮಗು ಕೋಫಿ, ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನರ ಹೆಸರು ಅದೇ. ಶುಕ್ರವಾರದ ಈ ಮೂವರೂ ಬೇರೆ ಬೇರೆ ಕಟ್ಟಿನವರು, ಬೆನ್ನಿನ ನಂಬರ್ ಮಾತ್ರ ಒಂದೇ. ಯಲ್ಲಾಪುರ, ಹಳಿಯಾಳದಲ್ಲಿರುವ ಆಫ್ರಿಕಾ ಮೂಲದ ಸಿದ್ದಿಗಳ ಹಳೇ ಹೆಸರುಗಳ ಕಟ್ಟು ಇನ್ನೂ ತೆಳ್ಳಗಿದೆ. ಆ ಕಡೆ ಓಡಾಡುವವರು ಹಿರಿಯರ ಹೆಸರು ಬರೆದು ತಂದರೆ, ನನ್ನ ಶುಕ್ರವಾರದ ಕಾರ್ಡುಗಳ ಜೆರಾಕ್ಸ್ ಪೂರ್ತಿ ಕೊಡುತ್ತೇನೆ.