ಸಿಮೆಂಟ್ ಕಿತ್ತೆ, ಸುಣ್ಣ ತುಂಬಿದೆ: ನಾರ್ತ್ ಕ್ಯಾರೊಲಿನಾದ ಹಳೇ ಫಾರ್ಮ್‌ಹೌಸ್ ಅನುಭವ

ಚಿಮಣಿಯ ಇಟ್ಟಿಗೆ ಸಂದಿನ ಸಿಮೆಂಟ್ ಕಿತ್ತು ಸುಣ್ಣದ ಗಾರೆ ತುಂಬಿ ಎರಡು ಚಳಿಗಾಲ ಕಳೆದವು, ಅದರಿಂದ ಇಟ್ಟಿಗೆಯ ಒಂದು ಚಕ್ಕೆಯೂ ಉದುರಿಲ್ಲ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ‘ಸಿಮೆಂಟ್ ಇಲ್ಲದೆ ಇದು ನಿಲ್ಲಲ್ಲ’ ಅಂದವರು ಒಬ್ಬಿಬ್ಬರಲ್ಲ. ಗುತ್ತಿಗೆದಾರರು, ಮನೆ ತಪಾಸಣೆಯ ಇನ್‌ಸ್ಪೆಕ್ಟರ್, ಕೊನೆಗೆ ಶಿವಮೊಗ್ಗದಿಂದ ಫೋನಿನಲ್ಲೇ ಸಲಹೆ ಕೊಡುವ ನಮ್ಮ ಭಾವನೂ ಸೇರಿದ್ದರು.

ಮನೆ ಇರುವುದು ಪೀಡ್‌ಮಾಂಟ್ ಸೀಮೆಯ ಕೆಂಪು ಮಣ್ಣಿನಲ್ಲಿ, ರಾಜ್ಯದ ರಾಜಧಾನಿ ರಾಲಿಯಿಂದ ಸುಮಾರು ಒಂದು ಗಂಟೆ ದಾರಿ. ಮಾಮೂಲಿ ಐ-ಹೌಸ್. ಎರಡು ಅಂತಸ್ತು, ಒಂದೇ ಕೋಣೆಯ ಆಳ, ನಡುವೆ ಹಜಾರ, ಎರಡೂ ತುದಿಯಲ್ಲಿ ಗೋಡೆಯ ಹೊರಗೆ ಚಿಮಣಿ, ಮುಂದೆ ಉದ್ದಕ್ಕೂ ಜಗಲಿ, ಹಿಂದೆ ಅಡುಗೆಮನೆ, ಅದಕ್ಕೂ ಒಂದು ಚಿಮಣಿ. ಹಲಗೆಗಳ ಮೇಲೆ ಮೇಲೆ-ಕೆಳಗೆ ಓಡುವ ಗರಗಸದ ನೇರ ಗೆರೆ, ಎಲ್ಲ ಕಡೆ ಕಬ್ಬಿಣದ ತಗಡಿನಿಂದ ಕತ್ತರಿಸಿದ ಹಳೇ ಕಾಲದ ಕಟ್ ಮೊಳೆ. ಈ ಗುರುತು ನೋಡಿದರೆ 1850ರ ದಶಕದ ಮನೆ. ಜಮೀನಿನ ಕಾಗದವೂ ಅದನ್ನೇ ಹೇಳುತ್ತದೆ.

ಹಿಂದಿನ ಮಾಲೀಕರ ಕಾಲದಲ್ಲಿ ಯಾರೋ ಎಲ್ಲ ಚಿಮಣಿಗಳ ಇಟ್ಟಿಗೆ ಸಂದಿಗೆ ಸಿಮೆಂಟ್ ಬಳಿದಿದ್ದರು. ಮನೆ ಹೊತ್ತ ಇಟ್ಟಿಗೆ ಕಂಬಗಳ ನಡುವಿನ ಜಾಗಕ್ಕೂ ಬ್ಲಾಕ್ ಇಟ್ಟು ಮುಚ್ಚಿದ್ದರು. ಅಲ್ಲೇ ಸುಟ್ಟ ಮೆತ್ತನೆಯ ಇಟ್ಟಿಗೆ ಅದು, ಮೊದಲು ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ನೀರು ಸಂದಿನಿಂದ ಆಚೆ ಬರಲಾಗದೆ ಇಟ್ಟಿಗೆಯೊಳಗೇ ಕೂತು, ಚಳಿಗೆ ಹೆಪ್ಪುಗಟ್ಟಿ, ಮುಖವನ್ನೇ ಕಿತ್ತು ಬಿಸಾಕುತ್ತಿತ್ತು. ಸಿಮೆಂಟ್ ಗೆರೆ ಮಾತ್ರ ಗಟ್ಟಿಯಾಗಿ ನಿಂತಿತ್ತು, ಇಟ್ಟಿಗೆ ಒಳಕ್ಕೆ ಸವೆದಿತ್ತು. ಒಬ್ಬ ಗುತ್ತಿಗೆದಾರ ತುದಿಯ ಎರಡೂ ಚಿಮಣಿ ಕೆಡವಿ ಹೊಸದಾಗಿ ಕಟ್ಟಲು 30,000 ಡಾಲರ್ ಹತ್ತಿರ ಕೇಳಿದ. ಆ ದುಡ್ಡಿಗೆ ನಮ್ಮೂರಲ್ಲಿ ಮನೆಯೇ ಬರುತ್ತೆ, ಅಲ್ವಾ?

ಮೊದಲು ಕರೆಸಿದ ಮೇಸ್ತ್ರಿ ಗ್ರೈಂಡರ್ ತಂದ. ಮಧ್ಯಾಹ್ನದ ಊಟದೊಳಗೆ ಮೂವತ್ತು-ನಲವತ್ತು ಇಟ್ಟಿಗೆಯ ಅಂಚು ಹೋಯಿತು. ಆರುನೂರು ಡಾಲರ್ ಕೊಟ್ಟು ಕಳಿಸಿದೆ. ಆಮೇಲೆ ನಾನೇ ಕೂತೆ. ಸಿಮೆಂಟ್ ಸಂದಿನ ನಡುಗೆರೆಯಲ್ಲಿ ಒತ್ತೊತ್ತಾಗಿ ಸಣ್ಣ ತೂತು ಕೊರೆದು, ತೆಳು ಉಳಿಯಿಂದ ತೂತಿನ ಕಡೆಗೇ ಹೊಡೆಯಬೇಕು, ಇಟ್ಟಿಗೆಯ ಕಡೆಗಲ್ಲ. ನಿಧಾನದ ಕೆಲಸ. ಆದರೆ ಒಳಗೆ ಹಳೇ ಸುಣ್ಣ ಮೆತ್ತಗಿರುವುದರಿಂದ ಒಂದು ಹಂತ ದಾಟಿದ ಮೇಲೆ ಸಿಮೆಂಟ್ ಪಟ್ಟಿ ಪಟ್ಟಿಯಾಗಿ ಕಳಚಿ ಬರುತ್ತದೆ. ಆ ಖುಷಿಯೇ ಬೇರೆ. ಸಂದಿನ ಅಗಲದ ಎರಡೂವರೆ ಪಟ್ಟು ಆಳ ಹೋಗಿ, ಅಲ್ಲಿಗೆ ನಿಲ್ಲಿಸಿ.

ಪೂರ್ವದ ಚಿಮಣಿಯ ಬುಡದಲ್ಲಿ ಒಂದು ಇಟ್ಟಿಗೆಯ ಮೇಲೆ ಮೂರು ಬೆರಳಿನ ಗುರುತಿದೆ. ಹಸಿ ಇದ್ದಾಗ ಎತ್ತಿಟ್ಟವರದು. ನನ್ನ ಬೆರಳಿಗಿಂತ ಬಹಳ ಸಣ್ಣವು, ಮಗುವಿನದೇ ಇರಬೇಕು. 1860ರ ಜನಗಣತಿಯ ಗುಲಾಮರ ಪಟ್ಟಿಯಲ್ಲಿ ಈ ಜಮೀನಿನ ಯಜಮಾನನ ಹೆಸರಿದೆ. ಅದರ ಕೆಳಗೆ ಗುಲಾಮರ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ, ಅಷ್ಟೇ. ಅವರ ಹೆಸರಿಲ್ಲ. ಆ ಇಟ್ಟಿಗೆಯ ಸುತ್ತ ಡ್ರಿಲ್ ಮುಟ್ಟಿಸಲಿಲ್ಲ. ಬರೀ ಉಳಿಯಲ್ಲೇ ಬಿಡಿಸಿದೆ.

ಗಾರೆಯ ಲೆಕ್ಕಕ್ಕೆ ಹಳೇ ತುಣುಕೊಂದನ್ನು ಆಸಿಡ್‌ನಲ್ಲಿ ಕರಗಿಸಿ, ಉಳಿದ ಮರಳು ನೋಡಿದೆ. ದಪ್ಪ, ಮೂಲೆಮೂಲೆಯ ಕಾಳು, ಸ್ವಲ್ಪ ಕೆಂಪು. ಒಂದು ಪಾಲು ನೆನೆಸಿದ ಸುಣ್ಣಕ್ಕೆ ಹೆಚ್ಚುಕಡಿಮೆ ಮೂರು ಪಾಲು ಮರಳು. ಮರಳು ಎಲ್ಲಿಂದ ತಂದೆ, ಬಣ್ಣ ಹೇಗೆ ಹೊಂದಿತು ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ಬಂದು ನೋಡಿದವರಿಗೆ ಹೊಸದು ಯಾವುದು ಹಳೆಯದು ಯಾವುದು ಅಂತ ಗೊತ್ತಾಗುತ್ತಿಲ್ಲ, ಅಷ್ಟು ಹೇಳಬಲ್ಲೆ.

ಜುಲೈನಲ್ಲಿ ದಕ್ಷಿಣದ ಬಿಸಿಲಿಗೆ ಬೀಳುವ ಪಕ್ಕ ತುಂಬಿದ್ದು ಪೂರ್ತಿ ಹಾಳಾಯಿತು. ವಾರದಲ್ಲಿ ಬೆರಳಿಟ್ಟರೆ ವಿಭೂತಿಯ ಹಾಗೆ ಉದುರಿತು. ಎರಡು ಬಕೆಟ್ ಸುಣ್ಣ, ಅಂದರೆ ನೂರೈವತ್ತು ಡಾಲರ್ ಆಸುಪಾಸು, ನೆಲಕ್ಕೆ. ಸೆಪ್ಟೆಂಬರ್ ಕೊನೆಗೆ ಮತ್ತೆ ತುಂಬಿ, ಒದ್ದೆ ಗೋಣಿತಟ್ಟು ಇಳಿಬಿಟ್ಟು, ದಿನಕ್ಕೆ ಮೂರು-ನಾಲ್ಕು ಸಲ ನೀರು ಸಿಂಪಡಿಸಿದೆ. ಗಟ್ಟಿಯಾಯಿತು. ಇಲ್ಲಿನ ಹವೆಗೆ ವಸಂತ, ಇಲ್ಲವೇ ಸೆಪ್ಟೆಂಬರ್-ಅಕ್ಟೋಬರ್ ಸರಿ. ನೀರು ಹೆಪ್ಪುಗಟ್ಟುವ ಚಳಿಗೆ ಒಂದು ತಿಂಗಳಾದರೂ ಮುಂಚೆ ಕೈ ತೊಳೆದುಕೊಂಡಿರಬೇಕು.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ನಮ್ಮ ಕಡೆ ಹಳೇ ಗಾರೆ ಕೆಲಸದವರು ಬೆಲ್ಲ, ಅಳಲೆಕಾಯಿ ನೀರು ಹಾಕುತ್ತಿದ್ದರಲ್ಲ, ರಾಲಿ ಪಕ್ಕದ ಕ್ಯಾರಿ ಊರಿನ ಅಂಗಡಿಯಿಂದ ಎರಡನ್ನೂ ತಂದು ಕೊಳೆಸಿ, ಬಾವಿಮನೆಯ ಕಟ್ಟೆಗೆ ಬೆರೆಸಿ ಹಚ್ಚಿದೆ. ಕರಣೆಗೆ ಬೆಣ್ಣೆ ಥರ ಕೂತಿತು. ಇರುವೆಯೂ ಅಷ್ಟೇ ಚೆನ್ನಾಗಿ ಬಂತು. ಕಟ್ಟೆ ಈಗಲೂ ಗಟ್ಟಿಯಾಗೇ ಇದೆ. ಆದರೆ ಮನೆಗೆ ಹಾಕಲಿಲ್ಲ, ಈ ಮನೆಯ ಮೂಲ ಗಾರೆಯಲ್ಲಿ ಅದು ಇರಲಿಲ್ಲ.

ಕಂಬಗಳ ನಡುವಿನ ಬ್ಲಾಕ್ ಕಿತ್ತದ್ದೇ ಮನೆಯಡಿಯ ಮುಗ್ಗಲು ವಾಸನೆ ಹೋಯಿತು. ಒಂದು ಕಡೆ ಅಡಿತೊಲೆ ಕೊಳೆತಿತ್ತು. ಕೆಡವಿದ ಕಣಜವೊಂದರಿಂದ ಸಿಕ್ಕ ಲಾಂಗ್‌ಲೀಫ್ ಪೈನ್ ಚೇಗಿನ ತುಂಡು ಜೋಡಿಸಿದೆ. ಗಟ್ಟಿತನದಲ್ಲಿ ಹೊಸ ಪೈನ್ ಅದರ ಹತ್ತಿರಕ್ಕೂ ಬರಲ್ಲ, ಕೊಯ್ಯುವಾಗ ಗರಗಸದ ಬ್ಲೇಡ್ ಎರಡು ಹೋಯಿತು.

ಚಿಮಣಿಗಳಿಗೆ ಒಟ್ಟು ನಾಲ್ಕು ಸಾವಿರ ಚಿಲ್ಲರೆ ಡಾಲರ್. ಅದರಲ್ಲಿ ಜಾಸ್ತಿ ಅಟ್ಟಣಿಗೆ ಬಾಡಿಗೆಗೇ. ಸ್ವಂತ ವಾಸದ ಮನೆ ನ್ಯಾಷನಲ್ ರಿಜಿಸ್ಟರ್‌ನಲ್ಲಿ, ಅಂದರೆ ದೇಶದ ಐತಿಹಾಸಿಕ ಕಟ್ಟಡ-ಸ್ಥಳಗಳ ಸರ್ಕಾರಿ ಪಟ್ಟಿಯಲ್ಲಿ, ಇದ್ದರೆ ರಾಜ್ಯದ 15% ತೆರಿಗೆ ರಿಯಾಯಿತಿ ಇದೆ, ಆದರೆ ಕನಿಷ್ಠ 10,000 ಡಾಲರ್ ಖರ್ಚಾಗಿರಬೇಕು. ಫೆಡರಲ್, ಅಂದರೆ ಕೇಂದ್ರ ಸರ್ಕಾರದ, 20% ರಿಯಾಯಿತಿ ಬಾಡಿಗೆ ಅಥವಾ ವ್ಯಾಪಾರದ ಕಟ್ಟಡಕ್ಕೆ ಮಾತ್ರ. ತೊಲೆ, ಕಿಟಕಿ ಎಲ್ಲ ಸೇರಿಸಿ ನಮ್ಮದು ಗಡಿ ದಾಟಿತು. ಅರ್ಜಿಯನ್ನು ಉಳಿ ಎತ್ತುವ ಮುಂಚೆಯೇ ಹಾಕಿ, ಫೋಟೋ ತೆಗೆದಿಡಿ. ನಿಮ್ಮ ಸ್ವಂತ ಶ್ರಮಕ್ಕೆ ಅವರು ಬೆಲೆ ಕಟ್ಟಲ್ಲ, ರಸೀದಿ ಮಾತ್ರ ಲೆಕ್ಕ.

ಹಿಂದಿನ ಅಡುಗೆಮನೆಯ ಚಿಮಣಿ ಬಾಕಿ ಇದೆ. ಅದರ ಸಿಮೆಂಟ್ ಇನ್ನೂ ಗಟ್ಟಿ. ಸೆಪ್ಟೆಂಬರ್‌ಗೆ ಅಟ್ಟಣಿಗೆ ಹೇಳಿಟ್ಟಿದ್ದೇನೆ.