ಸೊಟ್ಟ ಗೋಡೆಗೆ ನೆಟ್ಟಗೆ ಟೈಲ್ಸ್ ಹಾಕುವುದು ಹೇಗೆ?

ಹಳೇ ಮನೆಯ ಬಚ್ಚಲಿಗೆ ಟೈಲ್ಸ್ ಹಾಕುವಾಗ ಆಗುವ ದೊಡ್ಡ ತಪ್ಪು ಒಂದೇ. ಮೂಲೆಗೆ ಮೊದಲ ಟೈಲ್ ಅಂಟಿಸಿ, ಅಲ್ಲಿಂದಲೇ ಸಾಲು ಹೊರಡಿಸುವುದು. ಮೂಲೆಯೇ ಸೊಟ್ಟಗಿದ್ದರೆ ಸಾಲೆಲ್ಲಾ ಸೊಟ್ಟ. ನಮ್ಮ ಮನೆಯಲ್ಲಿ ಹೀಗೇ ಆಯಿತು. ಕನ್ನಡಿ ಪಕ್ಕದ ಕೊನೆಯ ತುಂಡು ಕೆಳಗೆ ಮೂರು ಇಂಚು, ಮೇಲೆ ಎರಡೇ ಇಂಚು. ಹಲ್ಲುಜ್ಜುವಾಗ ದಿನಾ ಅದೇ ಕಣ್ಣಿಗೆ ಬೀಳುತ್ತದೆ.

ಪೈಪ್ ಕೆಲಸ, ವಾಟರ್‌ಪ್ರೂಫಿಂಗ್ ಮೊದಲೇ ಮುಗಿಸಿ.

ಆಮೇಲೆ ಗೋಡೆಯನ್ನು ಅಳೆಯಿರಿ. ಮೇಲಿನಿಂದ ತೂಕದ ಗುಂಡು ಇಳಿಬಿಟ್ಟು, ದಾರಕ್ಕೂ ಗೋಡೆಗೂ ಎಷ್ಟು ಅಂತರ ಇದೆ ಎಂದು ಮೇಲೆ, ನಡುವೆ, ಕೆಳಗೆ ನೋಡಿ. ಮೂಲೆಗೆ 3-4-5 ಲೆಕ್ಕ: ಮೂಲೆಯಿಂದ ಒಂದು ಗೋಡೆಗೆ 3 ಅಡಿ, ಇನ್ನೊಂದಕ್ಕೆ 4 ಅಡಿ ಗುರುತು ಹಾಕಿ. ಎರಡು ಗುರುತಿನ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ಮಟ್ಟವಾಗಿದೆ. ಗೋಡೆ ತುಂಬಾ ಉಬ್ಬುತಗ್ಗು ಇದ್ದರೆ ಪ್ಲಾಸ್ಟರ್ ಮಾಡಿಸಲೇಬೇಕು. ‘ಅಂಟು ದಪ್ಪ ಹಾಕಿ ಸರಿ ಮಾಡ್ತೀನಿ ಸಾರ್’ ಅಂದರೆ ಒಪ್ಪಬೇಡಿ.

ಈಗ ನಿಜವಾದ ಕೆಲಸ. ಗೋಡೆಯ ನಡುವೆ ಗುಂಡಿನ ದಾರ ಹಿಡಿದು ನೆಟ್ಟಗೆ ಒಂದು ಗೆರೆ ಎಳೆಯಿರಿ. ಗೆರೆಯಿಂದ ಎರಡೂ ಮೂಲೆಗೆ ಎಷ್ಟು ಟೈಲ್ಸ್ ಬರುತ್ತವೆ ಎಂದು ನೆಲದ ಮೇಲೆ ಜೋಡಿಸಿ ನೋಡಿ. ಕೊನೆಯ ತುಂಡು ಅರ್ಧಕ್ಕಿಂತ ಕಡಿಮೆ ಬಂತಾ? ಹಾಗಾದರೆ ಟೈಲ್‌ನ ಅಂಚಿನ ಬದಲು ಅದರ ಮಧ್ಯಭಾಗ ಗೆರೆ ಮೇಲೆ ಬರುವಂತೆ ಸರಿಸಿ. ಇದು ಸುಮ್ನೆ ಅಂದಕ್ಕಲ್ಲ. ಐದು ಮಿ.ಮೀ. ಓರೆ ಎರಡು ಇಂಚಿನ ತುಂಡಿನಲ್ಲಿ ಎದ್ದು ಕಾಣುತ್ತದೆ, ಎಂಟು ಇಂಚಿನದರಲ್ಲಿ ಗೊತ್ತೇ ಆಗುವುದಿಲ್ಲ.

ಮೂಲೆಯ ತುಂಡುಗಳನ್ನು ಒಂದೇ ಅಳತೆಗೆ ರಾಶಿ ಕೊಯ್ದಿಡಬೇಡಿ. ಪ್ರತಿ ಸಾಲಿನಲ್ಲೂ ಜಾಗದ ಮೇಲಿನ ಅಳತೆ ಬೇರೆ, ಕೆಳಗಿನದು ಬೇರೆ. ಎರಡನ್ನೂ ತೆಗೆದು, ಸಂದಿಗೆ 2 ಮಿ.ಮೀ. ಕಳೆದು, ಟೈಲ್ ಮೇಲೆ ಪೆನ್ಸಿಲ್‌ನಲ್ಲಿ ಗುರುತಿಸಿ, ಓರೆ ಗೆರೆಗೆ ಕೊಯ್ಯಿರಿ. ಕೊಯ್ದ ಅಂಚು ಮೂಲೆ ಕಡೆಗೇ ಇರಲಿ. ಬಾಗಿಲಿಗೆ ಎದುರಿನ ಗೋಡೆ ಮೊದಲು ಮುಗಿಸಿ. ಪಕ್ಕದ ಗೋಡೆಯ ಟೈಲ್ಸ್ ಬಂದು ಅದರ ಅಂಚನ್ನು ಮುಚ್ಚುತ್ತವೆ.

ನೆಲ ಸಾಮಾನ್ಯವಾಗಿ ನೀರು ಹೋಗುವ ಕಡೆ ಇಳಿಜಾರು. ಹಾಗಾಗಿ ಕೆಳಗಿನ ಸಾಲು ಬಿಟ್ಟು, ಎರಡನೇ ಸಾಲಿನಿಂದ ಶುರು ಮಾಡಿ. ರಸಮಟ್ಟ (ಸ್ಪಿರಿಟ್ ಲೆವೆಲ್) ಹಿಡಿದು ಮರದ ಪಟ್ಟಿ ಹೊಡೆದು, ಅದರ ಮೇಲೆ ಟೈಲ್ಸ್ ಕೂರಿಸಿ. ಕೆಳಗಿನದು ನೆಲ ಆದ ಮೇಲೆ ಅಳೆದು ಕೊಯ್ಯಿರಿ.

ನಡುವೆ ಬಣ್ಣದ ಪಟ್ಟಿ ಖಂಡಿತ ಬೇಡ. ಗೋಡೆಯ ಸೊಟ್ಟವನ್ನು ಅದೇ ಬೆರಳು ತೋರಿಸಿ ಹೇಳುತ್ತದೆ. ಎರಡಡಿಗೆ ನಾಲ್ಕಡಿ ಅಳತೆಯ ದೊಡ್ಡ ಟೈಲ್ಸೂ ಬೇಡ. 12 ಇಂಚು 18 ಇಂಚಿನದು, ತಿಳಿ ಬಣ್ಣದ್ದು ತನ್ನಿ.

ಅಂಟನ್ನು ಹಲ್ಲಿನ ಕರಣೆಯಿಂದ ಪೂರ್ತಿ ಹರಡಿ. ಹಿಂದೆ ನಾಲ್ಕೈದು ಉಂಡೆ ಇಟ್ಟು ಒತ್ತಿದರೆ ಬೇಗ ಮುಗಿಯುತ್ತದೆ, ಆದರೆ ಒಳಗೆ ಪೊಳ್ಳು. ಟವಲ್ ರಾಡ್‌ಗೆ ಡ್ರಿಲ್ ಇಟ್ಟಾಗ ಅಲ್ಲೇ ಒಡೆಯುತ್ತದೆ. ನಾಣ್ಯದಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಆಗಲೇ ಕೀಳಿಸಿ.

ಮಾರನೇ ದಿನ ಸಂದಿಗಳಿಗೆ ಗ್ರೌಟ್ (ಸಂದಿ ತುಂಬುವ ಮಿಶ್ರಣ). ಬರೀ ವೈಟ್ ಸಿಮೆಂಟ್ ತುಂಬಬೇಡಿ, ಬೇಗ ಕಪ್ಪಾಗುತ್ತದೆ. ಮೂಲೆಗಳಿಗೆ ಮಾತ್ರ ಗ್ರೌಟ್ ಬದಲು ಸಿಲಿಕಾನ್ (ರಬ್ಬರಿನಂತೆ ಬಗ್ಗುವ ಅಂಟು) ಹಾಕಿ. ಎರಡು ಗೋಡೆ ಸೇರುವಲ್ಲಿ ಗ್ರೌಟ್ ಬಿರುಕು ಬಿಡುತ್ತದೆ. ಸಿಲಿಕಾನ್ ಪೂರ್ತಿ ಒಣಗುವವರೆಗೆ ನೀರು ತಾಗಿಸಬೇಡಿ.